ಆದ್ಯ ಜಲಾಂತರ್ಗಾಮಿಗಳಲ್ಲಿ ಬಾಳುವೆಯೂ ಅಪಾಯವೂ

೧. ಹೆಸರಿನ ವಿಚಾರ

ಸಮುದ್ರದ ಮೇಲ್ಮೈಯನ್ನು ಬಿಟ್ಟು ಅದರ ಒಡಲಿನಲ್ಲಿ ಸಂಚರಿಸುವ ಯುದ್ಧನೌಕೆಗೆ ನಮ್ಮಲ್ಲಿ ಜಲಾಂತರ್ಗಾಮಿಯೆಂಬ ಹೆಸರು ರೂಢಿಗೆ ಬಂದಿದೆ. 'ನೀರಿನ ಒಳಗೆ ಹೋಗುವ ಶೀಲವುಳ್ಳದ್ದು' ಎಂಬುದು ಈ ಶಬ್ದದ ವ್ಯುತ್ಪತ್ತಿ. ಇಲ್ಲಿ ಬಂದಿರುವ ಪ್ರತ್ಯಯವು ತಾಚ್ಛೀಲ್ಯವನ್ನು, ಎಂದರೆ ಸ್ವಭಾವವಾಗಿ ನಿಂತ ನಡತೆಯನ್ನು ಹೇಳುವುದೆಂದು ವೈಯಾಕರಣರು ಬಲ್ಲರು. ಈ ಅರ್ಥವನ್ನು ಬಿಗಿಯಾಗಿ ಹಿಡಿದು ನೋಡಿದರೆ, ೧೯೫೫ರಲ್ಲಿ ಪರಮಾಣುಶಕ್ತಿಯಿಂದ ನಡೆಯುವ 'ನಾಟಿಲಸ್' ಎಂಬ ಅಮೆರಿಕದ ನೌಕೆಯು ಸಮುದ್ರಕ್ಕೆ ಇಳಿದು ಹೊರಡುವವರೆಗೆ ಈ ಹೆಸರಿಗೆ ಪೂರ್ಣವಾಗಿ ಒಪ್ಪುವ ನೌಕೆ ಇರಲಿಲ್ಲವೆಂದೇ ಹೇಳಬೇಕು. ಅದಕ್ಕೆ ಹಿಂದಿನವೆಲ್ಲವೂ ನೀರಿನ ಮೇಲೆ ಬಾಳಿ, ಕಾರ್ಯ ಬಿದ್ದಾಗ ಸ್ವಲ್ಪ ಹೊತ್ತು ಮುಳುಗಿ, ಉಸಿರು ಕಟ್ಟುವುದಕ್ಕೆ ಮುಂಚೆ ಮೇಲಕ್ಕೆ ಬರಲೇಬೇಕಾದ ದೋಣಿಗಳು. ಮುಳುಗುವುದು ಅವುಗಳ ಶೀಲವಲ್ಲ, ಸಾಹಸ.

ಈ ನೌಕೆಗಳು ಎಷ್ಟು ಹಡಗುಗಳನ್ನು ಮುಳುಗಿಸಿದವೆಂಬ ಲೆಕ್ಕವು ಯುದ್ಧಚರಿತ್ರೆಯ ಗ್ರಂಥಗಳಲ್ಲಿ ವಿಸ್ತಾರವಾಗಿ ದೊರೆಯುತ್ತದೆ. ಅವುಗಳ ಒಳಗೆ ಕುಳಿತವರು ಹೇಗೆ ಬಾಳಿದರು, ಯಾವುದಕ್ಕೆ ಅಂಜಿದರು, ಹೇಗೆ ಸತ್ತರು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ಹಾಗೆ ವಿಚಾರಿಸಿದಲ್ಲಿ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಆದ್ಯಕಾಲದ ಜಲಾಂತರ್ಗಾಮಿಯಲ್ಲಿ ನಾವಿಕನ ಮೊದಲ ಶತ್ರು ಎದುರಾಳಿಯ ಹಡಗಲ್ಲ. ಅವನನ್ನು ಹೊತ್ತ ನೌಕೆಯೇ. ಈ ಶತ್ರುತ್ವವು ನಾಲ್ಕು ಬಗೆಯದು: ತೂಕ ತಪ್ಪುವುದು, ಉಸಿರು ತೀರುವುದು, ವಿಷವಾಯು ಹುಟ್ಟುವುದು, ಹೊರಬರಲು ದಾರಿಯಿಲ್ಲದಿರುವುದು. ಇವನ್ನು ಕ್ರಮವಾಗಿ ನೋಡೋಣ.

೨. ಮುಳುಗುವ ಬಗೆ

ನೀರಿನಲ್ಲಿ ನಿಂತ ವಸ್ತುವು ತಾನು ಪಕ್ಕಕ್ಕೆ ತಳ್ಳಿದ ನೀರಿನ ತೂಕದಷ್ಟು ಬಲದಿಂದ ಮೇಲಕ್ಕೆ ಎತ್ತಲ್ಪಡುತ್ತದೆಂಬ ಆರ್ಕಿಮಿಡೀಸನ ಸೂತ್ರವು ಪ್ರಸಿದ್ಧವಾಗಿದೆ. ವಸ್ತುವಿನ ತೂಕ ಈ ಬಲಕ್ಕಿಂತ ಕಡಮೆಯಾದರೆ ಅದು ತೇಲುತ್ತದೆ, ಹೆಚ್ಚಾದರೆ ಮುಳುಗುತ್ತದೆ. ಜಲಾಂತರ್ಗಾಮಿಯಲ್ಲಿ ತೊಟ್ಟಿಗಳಿರುತ್ತವೆ. ಕವಾಟವನ್ನು ತೆರೆದು ಅವುಗಳಿಗೆ ಸಮುದ್ರದ ನೀರನ್ನು ತುಂಬಿದರೆ ನೌಕೆ ಭಾರವಾಗಿ ಇಳಿಯುತ್ತದೆ. ಆ ನೀರನ್ನು ಪಂಪಿನಿಂದಲೋ ಒತ್ತಿದ ಗಾಳಿಯಿಂದಲೋ ಹೊರಕ್ಕೆ ತಳ್ಳಿದರೆ ಹಗುರವಾಗಿ ಏರುತ್ತದೆ.

ಹೇಳುವುದಕ್ಕೆ ಇದು ಸುಲಭ. ಮಾಡುವುದು ತಕ್ಕಡಿಯ ಮುಳ್ಳನ್ನು ನಡುವೆ ನಿಲ್ಲಿಸಿದಂತೆ ಕಷ್ಟ. ತೇಲುವ ಹಡಗಿಗೆ ನೂರು ಮಣ ಭಾರ ಹೇರಿದರೆ ಅದು ಸ್ವಲ್ಪ ತಗ್ಗಿ, ಹೆಚ್ಚು ನೀರನ್ನು ತಳ್ಳಿ, ಅಲ್ಲಿಯೇ ನಿಲ್ಲುತ್ತದೆ. ಪೂರ್ತಿ ಮುಳುಗಿದ ನೌಕೆಗೆ ಈ ಅನುಕೂಲವಿಲ್ಲ. ಅದು ತಳ್ಳಬಹುದಾದ ನೀರನ್ನೆಲ್ಲ ಆಗಲೇ ತಳ್ಳಿಬಿಟ್ಟಿದೆ. ಆದುದರಿಂದ ಅತಿ ಸ್ವಲ್ಪ ಭಾರ ಹೆಚ್ಚಾದರೂ ತಾನಾಗಿ ನಿಲ್ಲದೆ ತಳದ ಕಡೆಗೆ ಇಳಿಯುತ್ತಲೇ ಹೋಗುತ್ತದೆ. ಇದಲ್ಲದೆ, ಮೂತಿ ಸ್ವಲ್ಪ ತಗ್ಗಿದರೆ ತೊಟ್ಟಿಯಲ್ಲಿ ಅಲುಗಾಡುವ ನೀರೆಲ್ಲ ಆ ಕಡೆಗೇ ಹರಿದು, ತಗ್ಗಿದ ಕಡೆಯನ್ನು ಇನ್ನೂ ತಗ್ಗಿಸುತ್ತದೆ. ನೌಕೆಯ ಎರಡು ಪಕ್ಕಗಳಲ್ಲಿ ಮೀನಿನ ಈಜುರೆಕ್ಕೆಗಳಂತೆ ಅಡ್ಡಲಾಗಿ ಕಟ್ಟಿದ ಹಲಗೆಗಳನ್ನು ಓರೆಮಾಡಿ ಈ ಏರಿಳಿತವನ್ನು ಹದದಲ್ಲಿಡಬೇಕು. ಆದರೆ ನೌಕೆ ಚಲಿಸುತ್ತಿದ್ದರೆ ಮಾತ್ರ ಈ ರೆಕ್ಕೆಗಳಿಗೆ ಶಕ್ತಿ. ನಿಂತರೆ ಅವು ನಿಷ್ಪ್ರಯೋಜಕ.

೩. ಏಕಾಕಿಯ ನೌಕೆ

ಯುದ್ಧದಲ್ಲಿ ಇಂತಹ ದೋಣಿಯನ್ನು ಮೊದಲು ಪ್ರಯೋಗಿಸಿದುದು ಅಮೆರಿಕದ ಸ್ವಾತಂತ್ರ್ಯಸಂಗ್ರಾಮದಲ್ಲಿ. ಡೇವಿಡ್ ಬುಷ್ನೆಲ್ ಎಂಬಾತನು ಓಕ್ ಮರದ ಹಲಗೆಗಳನ್ನು ಕಬ್ಬಿಣದ ಪಟ್ಟಿಗಳಿಂದ ಬಿಗಿದು, ಎರಡು ಆಮೆಚಿಪ್ಪುಗಳನ್ನು ಎದುರುಬದುರಾಗಿ ಜೋಡಿಸಿದಂತೆ ಕಾಣುವ ದೋಣಿಯನ್ನು ಕಟ್ಟಿದನು. ಅದಕ್ಕೆ 'ಟರ್ಟಲ್', ಎಂದರೆ ಆಮೆ ಎಂದೇ ಹೆಸರಾಯಿತು. ೧೭೭೬ರ ಸೆಪ್ಟೆಂಬರ್ ತಿಂಗಳಿನ ಒಂದು ರಾತ್ರಿ ಎಜ್ರಾ ಲೀ ಎಂಬ ಸಾರ್ಜೆಂಟನು ಅದರಲ್ಲಿ ಕುಳಿತು, ನ್ಯೂಯಾರ್ಕ್ ಬಂದರಿನಲ್ಲಿದ್ದ 'ಈಗಲ್' ಎಂಬ ಆಂಗ್ಲೇಯರ ಹಡಗಿನ ತಳಕ್ಕೆ ಹೋಗಿ ಮದ್ದಿನ ಪೆಟ್ಟಿಗೆಯನ್ನು ತಗಲಿಸಲು ಯತ್ನಿಸಿದನು. ತಿರುಪು ಹಡಗಿನ ತಳಕ್ಕೆ ಹಿಡಿಯಲಿಲ್ಲ, ಪ್ರಯತ್ನ ಕೈಗೂಡಲಿಲ್ಲ.

ಆ ಒಬ್ಬ ಮನುಷ್ಯನಿಗೆ ಇದ್ದ ಕೆಲಸಗಳನ್ನು ಎಣಿಸಿದರೆ ಆಶ್ಚರ್ಯವಾಗುವುದು. ಮುಂದಕ್ಕೆ ನಡೆಯಿಸುವ ತಿರುಗುರೆಕ್ಕೆಯನ್ನು ತಿರುಗಿಸಬೇಕು, ಏರಿಳಿಸುವ ಇನ್ನೊಂದು ರೆಕ್ಕೆಯನ್ನು ತಿರುಗಿಸಬೇಕು, ಚುಕ್ಕಾಣಿಯನ್ನು ಹಿಡಿಯಬೇಕು, ಕಾಲಿನಿಂದ ನೀರನ್ನು ಒಳಕ್ಕೆ ಬಿಟ್ಟು ಪಂಪಿನಿಂದ ಹೊರಕ್ಕೆ ಹಾಕಬೇಕು, ಹೊರಗಿನ ಪ್ರವಾಹದೊಡನೆ ಹೆಣಗಬೇಕು. ಒಳಗಿನ ಗಾಳಿ ಸುಮಾರು ಅರ್ಧ ಗಂಟೆಗೆ ಸಾಲುತ್ತಿದ್ದಿತು. ದೀಪ ಹಚ್ಚಿದರೆ ಅದೂ ಗಾಳಿಯಲ್ಲಿ ಪಾಲು ಕೇಳುವುದೆಂದು ತಿಳಿದು, ಕೊಳೆತ ಮರದಲ್ಲಿ ಹುಟ್ಟಿ ಕತ್ತಲಲ್ಲಿ ತಾನೇ ಮಿನುಗುವ ಬೂಷ್ಟಿನ ಚೂರುಗಳನ್ನು ದಿಕ್ಸೂಚಿಗೂ ಆಳಮಾಪಕಕ್ಕೂ ಅಂಟಿಸಿದ್ದರು. ಬೆಳಕಿಗಾಗಿ ಉಸಿರನ್ನು ವೆಚ್ಚಮಾಡಬಾರದೆಂಬ ಈ ಎಚ್ಚರವು ಮುಂದಿನ ಕಥೆಗೆಲ್ಲ ಪೀಠಿಕೆಯಂತಿದೆ.

೪. ಹನ್ಲಿಯ ಮೂರು ಮುಳುಗುಗಳು

ಶತ್ರುವಿನ ಯುದ್ಧನೌಕೆಯನ್ನು ಮುಳುಗಿಸಿದ ಮೊಟ್ಟಮೊದಲ ಜಲಾಂತರ್ಗಾಮಿಯೆಂಬ ಹೆಸರು ಪಡೆದುದು 'ಹನ್ಲಿ'. ಅಮೆರಿಕದ ಅಂತರ್ಯುದ್ಧದಲ್ಲಿ, ದಾಸ್ಯಪದ್ಧತಿಯನ್ನು ಉಳಿಸಿಕೊಳ್ಳಲೆಂದು ಒಕ್ಕೂಟವನ್ನು ತ್ಯಜಿಸಿದ ದಕ್ಷಿಣ ಸಂಸ್ಥಾನಗಳ ಬಂದರುಗಳಿಗೆ ಉತ್ತರದವರ ನೌಕಾಬಲವು ಮುತ್ತಿಗೆ ಹಾಕಿದ್ದಿತು. ಆ ಮುತ್ತಿಗೆಯನ್ನು ಮುರಿಯುವ ಉದ್ದೇಶದಿಂದ ಹೊರೇಸ್ ಹನ್ಲಿ ಎಂಬಾತನೂ ಅವನ ಜೊತೆಗಾರರೂ ೧೮೬೩ರಲ್ಲಿ ಮೊಬೀಲ್ ಪಟ್ಟಣದಲ್ಲಿ ಇದನ್ನು ಕಟ್ಟಿಸಿದರು. ಆಗಸ್ಟ್ ತಿಂಗಳಲ್ಲಿ ರೈಲಿನ ಮೇಲೆ ಹೇರಿ ಚಾರ್ಲ್ಸ್‌ಟನ್ ಬಂದರಿಗೆ ಸಾಗಿಸಿದರು.

ನೌಕೆಯ ಉದ್ದ ಸುಮಾರು ೪೦ ಅಡಿ. ಒಳಗಿನ ಎತ್ತರ ಸುಮಾರು ೪ ಅಡಿ. ಅಗಲ ಅದಕ್ಕಿಂತಲೂ ಕಡಮೆ. ಒಳಗೆ ಯಾರೂ ನೆಟ್ಟಗೆ ನಿಲ್ಲುವಂತಿರಲಿಲ್ಲ. ಏಳು ಮಂದಿ ಒಂದೇ ಸಾಲಾಗಿ ಕುಳಿತು, ಉದ್ದಕ್ಕೂ ಹಾಯ್ದ ಬಾಗುಹಿಡಿಗಳ ದಂಡವನ್ನು ಕೈಯಿಂದ ತಿರುಗಿಸಿದರೆ ಹಿಂಭಾಗದ ರೆಕ್ಕೆ ತಿರುಗಿ ನೌಕೆ ಮುಂದುವರಿಯುವುದು. ಎಂಟನೆಯವನಾದ ನಾಯಕನು ಮುಂಭಾಗದಲ್ಲಿ ಕುಳಿತು ಚುಕ್ಕಾಣಿಯನ್ನೂ ಈಜುರೆಕ್ಕೆಗಳನ್ನೂ ಮುಂದಿನ ತೊಟ್ಟಿಯ ಕವಾಟವನ್ನೂ ನೋಡಿಕೊಳ್ಳುವನು. ಕುಳಿತವರ ಮುಂದೆ ತಿರುಗುವ ದಂಡವಿದ್ದುದರಿಂದ ಒಬ್ಬರನ್ನೊಬ್ಬರು ದಾಟಿ ಹೋಗುವುದು ಅಸಾಧ್ಯವಾಗಿದ್ದಿತು. ಒಳಹೊಗುವ ಬಾಯಿಗಳು ಎರಡೇ, ಒಬ್ಬನ ಭುಜಗಳು ಕಷ್ಟದಿಂದ ನುಸುಳುವಷ್ಟು ಕಿರಿದಾದುವು. ಸರೋವರದ ತಳದಲ್ಲಿ ಅಡಗಿದ ದುರ್ಯೋಧನನು ಭೀಮನ ಗರ್ಜನೆಯನ್ನು ಕೇಳಿ ನೀರೊಳಗೇ ಬೆವರಿದುದನ್ನು ರನ್ನನ ಗದಾಯುದ್ಧದಲ್ಲಿ ಓದಿದವರು ಅದನ್ನು ಕವಿಯ ಚಮತ್ಕಾರವೆಂದು ಮೆಚ್ಚುವರು. ಹನ್ಲಿಯ ನಾವಿಕರಿಗೆ ಅದು ನಿತ್ಯದ ಅನುಭವ. ಸುತ್ತಲೂ ತಣ್ಣಗಿನ ಕಡಲಿದ್ದರೂ, ದಂಡವನ್ನು ತಿರುಗಿಸುವ ದುಡಿಮೆಯಿಂದ ಮೈ ಬೆವರುವುದು ನಿಲ್ಲುತ್ತಿರಲಿಲ್ಲ.

೧೮೬೩ನೆಯ ಆಗಸ್ಟ್ ೨೯ರಂದು, ಇನ್ನೂ ಕಟ್ಟೆಯ ಬಳಿಯಲ್ಲಿದ್ದಾಗಲೇ, ಬಾಯಿಗಳು ತೆರೆದಿರುವಂತೆ ನೌಕೆ ನೀರು ತುಂಬಿ ಮುಳುಗಿ ಐವರು ಸತ್ತರು. ಅದನ್ನು ಎತ್ತಿ ತೊಳೆದು ಮತ್ತೆ ಸಿದ್ಧಪಡಿಸಿದರು. ಅಕ್ಟೋಬರ್ ೧೫ರಂದು ಹೊರೇಸ್ ಹನ್ಲಿಯು ತಾನೇ ನಾಯಕನಾಗಿ ಅಭ್ಯಾಸಕ್ಕೆ ಮುಳುಗಿದನು. ಎಂಟು ಮಂದಿಯೂ ಮೇಲಕ್ಕೆ ಬರಲಿಲ್ಲ. ಮತ್ತೆ ಎತ್ತಿ ನೋಡಿದಾಗ ಮುಂದಿನ ತೊಟ್ಟಿಯ ಕವಾಟ ತೆರೆದೇ ಇದ್ದಿತು. ಅದನ್ನು ಮುಚ್ಚುವ ಹಿಡಿ ತಳದಲ್ಲಿ ಬಿದ್ದಿದ್ದಿತು. ತೊಟ್ಟಿಗಳ ಗೋಡೆಗಳು ಮಾಳಿಗೆಯವರೆಗೆ ಮುಟ್ಟದೆ ಮೇಲೆ ತೆರೆದಿದ್ದುದರಿಂದ, ತುಂಬಿ ಉಕ್ಕಿದ ನೀರು ಜನರಿದ್ದೆಡೆಗೇ ನುಗ್ಗಿದ್ದಿತು. ಅಪಾಯಕಾಲದಲ್ಲಿ ಕಳಚಿ ಬಿಡಲೆಂದು ನೌಕೆಯ ಅಡಿಗೆ ತಗಲಿಸಿದ್ದ ಕಬ್ಬಿಣದ ಭಾರಗಳ ತಿರುಪುಗಳನ್ನು ಯಾರೋ ಸ್ವಲ್ಪ ತಿರುಗಿಸಿದ್ದರು. ಕಳಚುವಷ್ಟು ಹೊತ್ತು ದೊರೆತಿರಲಿಲ್ಲ. ಹನ್ಲಿಯ ಒಂದು ಕೈ ಮುಚ್ಚಳದ ಕಡೆಗೆ ಚಾಚಿದ್ದಿತು. ಇನ್ನೊಂದರಲ್ಲಿ ಹಚ್ಚದ ಮೇಣದ ಬತ್ತಿಯಿದ್ದಿತು. ಒಂದು ಕವಾಟದ ಮರೆವು ಎಂಟು ಪ್ರಾಣಗಳಿಗೆ ಎರವಾಯಿತು. ಹತ್ತಿರದಲ್ಲಿ ಶತ್ರುವೇ ಇರಲಿಲ್ಲ.

೫. ಉಸಿರಿನ ಪರೀಕ್ಷೆ

ಸೇನಾಪತಿ ಬೋರೆಗಾರ್ಡನು ಈ ನೌಕೆಯ ಮೇಲೆ ವಿಶ್ವಾಸ ಕಳೆದುಕೊಂಡನು. ಜಾರ್ಜ್ ಡಿಕ್ಸನ್ ಎಂಬ ಲೆಫ್ಟಿನೆಂಟನೂ ವಿಲಿಯಂ ಅಲೆಕ್ಸಾಂಡರ್ ಎಂಬ ಯಂತ್ರಜ್ಞನೂ ಬಹುವಾಗಿ ಬೇಡಿಕೊಂಡ ಮೇಲೆ ಮತ್ತೊಮ್ಮೆ ಅನುಮತಿ ಕೊಟ್ಟನು. ಆದರೆ ಸ್ವಯಂ ಮುಂದೆ ಬಂದವರನ್ನೇ ತೆಗೆದುಕೊಳ್ಳಬೇಕೆಂದೂ, ಅವರಿಗೆ ನೌಕೆಯ ಹಿಂದಿನ ವೃತ್ತಾಂತವನ್ನು ಮರೆಮಾಚದೆ ತಿಳಿಸಬೇಕೆಂದೂ ಕಟ್ಟಾಜ್ಞೆಯಾಯಿತು. ಹದಿಮೂರು ಜನರನ್ನು ನುಂಗಿದ ಕಬ್ಬಿಣದ ಗರ್ಭವಿದೆಂದು ತಿಳಿದೇ ಈ ಹೊಸಬರು ಅದರೊಳಗೆ ಇಳಿದರು.

ಗಾಳಿ ಎಷ್ಟು ಹೊತ್ತು ಸಾಲುವುದೆಂದು ತಿಳಿಯಲು ಅವರು ಮಾಡಿದ ಪರೀಕ್ಷೆಯನ್ನು, ಮುಂದೆ ಬೇರೆ ಕೆಲಸಕ್ಕೆ ಕರೆಸಿಕೊಳ್ಳಲ್ಪಟ್ಟು ಬದುಕುಳಿದ ಅಲೆಕ್ಸಾಂಡರನು ೧೯೦೨ರಲ್ಲಿ ಬರೆದಿಟ್ಟಿದ್ದಾನೆ. ನೌಕೆಯನ್ನು ತಳಕ್ಕೆ ಇಳಿಸಿ ಎಲ್ಲರೂ ಸುಮ್ಮನೆ ಕುಳಿತರು. ಯಾರಿಗಾದರೂ ಇನ್ನು ತಾಳಲಾರೆನೆನಿಸಿದರೆ 'ಮೇಲಕ್ಕೆ' ಎಂದು ಹೇಳತಕ್ಕದ್ದು. ಹೇಳಿದ ಕೂಡಲೇ ಏರಿಸತಕ್ಕದ್ದು ಎಂಬುದು ಒಪ್ಪಂದ. ೨೫ ನಿಮಿಷಗಳಲ್ಲಿ ಮೇಣದ ಬತ್ತಿ ಆರಿತು. ಆಮೇಲೆ ಕತ್ತಲಲ್ಲಿ, ಒಬ್ಬರಿಗೊಬ್ಬರು ಕಾಣದೆ, ಮೊದಲು ಸೋತವನೆನಿಸಿಕೊಳ್ಳಲು ಯಾರೂ ಇಷ್ಟಪಡದೆ ಕುಳಿತರು. ಬಹಳ ಹೊತ್ತಿನ ಮೇಲೆ ಎಲ್ಲರ ಬಾಯಿಂದಲೂ ಏಕಕಾಲದಲ್ಲಿ ಆ ಮಾತು ಹೊರಟಿತು. ಮುಂದಿನ ಪಂಪು ಕೆಲಸ ಮಾಡಿ ಮೂತಿ ಎದ್ದಿತು. ಹಿಂದಿನ ಪಂಪು ನೀರನ್ನು ಎಳೆಯಲಿಲ್ಲ. ಅಲೆಕ್ಸಾಂಡರನು ಕತ್ತಲಲ್ಲಿ ಕೈಯಾಡಿಸಿ, ಮುಚ್ಚಳವನ್ನು ಬಿಚ್ಚಿ, ಕವಾಟದಲ್ಲಿ ಸಿಕ್ಕಿದ್ದ ಕಡಲಪಾಚಿಯನ್ನು ಕಿತ್ತು ತೆಗೆದನು. ಮೇಲಕ್ಕೆ ಬಂದು ನೋಡುವಾಗ ೨ ಗಂಟೆ ೩೫ ನಿಮಿಷಗಳಾಗಿದ್ದವು. ದಡದಲ್ಲಿದ್ದವರು ಇವರು ಸತ್ತರೆಂದೇ ಸುದ್ದಿ ಕಳುಹಿಸಿದ್ದರು.

ಬತ್ತಿ ಆರಿದ ಮೇಲೆ ಎರಡು ಗಂಟೆಗಳಿಗೂ ಮಿಕ್ಕಿ ಮನುಷ್ಯನು ಬದುಕಿದುದು ಹೇಗೆಂದು ವಾಚಕರು ಕೇಳಬಹುದು. ಹೊರಗಿನ ಗಾಳಿಯಲ್ಲಿ ನೂರಕ್ಕೆ ಸುಮಾರು ೨೧ ಪಾಲು ಆಮ್ಲಜನಕವಿದೆ. ಅದು ಸುಮಾರು ೧೬ ಪಾಲಿಗೆ ಇಳಿದರೆ ಬತ್ತಿ ಉರಿಯಲಾರದು. ಮನುಷ್ಯನ ದೇಹವು ಅದಕ್ಕಿಂತ ಕಡಮೆಯನ್ನೂ ಸ್ವಲ್ಪ ಕಾಲ ಸಹಿಸುತ್ತದೆ. ಆದರೆ ಮುಚ್ಚಿದ ಎಡೆಯಲ್ಲಿ ಮೊದಲು ಪೀಡಿಸುವುದು ಆಮ್ಲಜನಕದ ಕೊರತೆಯಲ್ಲ, ನಾವೇ ಹೊರಬಿಟ್ಟ ಇಂಗಾಲಾಮ್ಲವಾಯು. ಅದು ನೂರಕ್ಕೆ ಮೂರು ನಾಲ್ಕು ಪಾಲಿಗೆ ಏರಿದರೆ ಏದುಸಿರು ಬರುತ್ತದೆ, ತಲೆ ಸಿಡಿಯುತ್ತದೆ. ಇನ್ನೂ ಏರಿದರೆ ಬುದ್ಧಿ ಮಂಕಾಗಿ ಜ್ಞಾನ ತಪ್ಪುತ್ತದೆ. ಸುಮ್ಮನೆ ಕುಳಿತವನಿಗಿಂತ ದಂಡ ತಿರುಗಿಸುವವನು ಇದನ್ನು ಹಲವು ಪಾಲು ಹೆಚ್ಚಾಗಿ ಬಿಡುತ್ತಾನೆ. ಎಂದಮೇಲೆ ಕುಳಿತು ಮಾಡಿದ ಪರೀಕ್ಷೆಯ ಅವಧಿಯು ದುಡಿಯುವ ದಿನಕ್ಕೆ ಪ್ರಮಾಣವಾಗಲಾರದು.

೧೮೬೪ನೆಯ ಫೆಬ್ರವರಿ ೧೭ರ ರಾತ್ರಿ ಡಿಕ್ಸನನೂ ಏಳು ಮಂದಿಯೂ ಹೊರಟು, ಬಂದರಿನ ಹೊರಗೆ ಲಂಗರು ಹಾಕಿದ್ದ 'ಹೂಸಟಾನಿಕ್' ಎಂಬ ಯುದ್ಧನೌಕೆಯನ್ನು ಸಮೀಪಿಸಿದರು. ಮೂತಿಗೆ ಕಟ್ಟಿದ ಉದ್ದವಾದ ದಂಡದ ತುದಿಯಲ್ಲಿ ೧೩೫ ಪೌಂಡು ಮದ್ದಿದ್ದಿತು. ಸ್ಫೋಟವಾಗಿ ಹೂಸಟಾನಿಕ್ ಕೆಲವೇ ನಿಮಿಷಗಳಲ್ಲಿ ಮುಳುಗಿತು. ಅಲ್ಲಿ ನೀರು ಸುಮಾರು ೨೭ ಅಡಿ ಮಾತ್ರವಿದ್ದುದರಿಂದ ಅದರ ನಾವಿಕರು ಹಾಯಿಕಂಬಗಳನ್ನು ಹತ್ತಿ ಉಳಿದುಕೊಂಡರು, ಸತ್ತವರು ಐವರು. ಹನ್ಲಿ ಮಾತ್ರ ಹಿಂದಿರುಗಲಿಲ್ಲ. ಹೀಗೆ ಆರು ತಿಂಗಳಲ್ಲಿ ಈ ನೌಕೆಯಲ್ಲಿ ಸತ್ತ ಸ್ವಜನರು ೨೧; ಅದರಿಂದ ಸತ್ತ ಶತ್ರುಗಳು ೫.

೧೯೯೫ರಲ್ಲಿ ಅದರ ಅವಶೇಷವು ದೊರೆಯಿತು. ೨೦೦೦ದ ಆಗಸ್ಟ್ ೮ರಂದು ಅದನ್ನು ಮೇಲಕ್ಕೆ ಎತ್ತಿದರು. ಒಳಗಿನ ಹೂಳನ್ನು ತೆಗೆದಾಗ ಎಂಟು ಮಂದಿಯ ಅಸ್ಥಿಗಳೂ ತಂತಮ್ಮ ಸ್ಥಾನಗಳ ಬಳಿಯಲ್ಲಿಯೇ ಇದ್ದವು. ಬಾಯಿಯ ಕಡೆಗೆ ನುಗ್ಗಿದ ಗುರುತಿಲ್ಲ. ಅಡಿಯ ಭಾರಗಳನ್ನು ಕಳಚಿರಲಿಲ್ಲ. ಸ್ಫೋಟದ ಆಘಾತವು ನೀರಿನ ಮೂಲಕ ಹಾಯ್ದು ಕುಳಿತವರನ್ನು ಕುಳಿತಂತೆಯೇ ಕೊಂದಿತೆಂದು ೨೦೧೭ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಿಂದ ಹೊರಟ ಶೋಧನೆಯು ವಾದಿಸಿತು. ಅವಶೇಷವನ್ನು ಪರೀಕ್ಷಿಸುತ್ತಿರುವ ಇತರರು ಇದನ್ನು ನಿರ್ಣಯವೆಂದು ಒಪ್ಪಿಲ್ಲ. ಯಾವ ಪಕ್ಷ ನಿಂತರೂ ಕೊಂದುದು ಶತ್ರುವಿನ ಗುಂಡಲ್ಲ. ತಮ್ಮದೇ ಮದ್ದು, ಅಥವಾ ತಮ್ಮದೇ ಉಸಿರು. ೨೦೦೪ರ ಏಪ್ರಿಲ್ ೧೭ರಂದು ಚಾರ್ಲ್ಸ್‌ಟನ್ನಿನಲ್ಲಿ ಅವರ ಶವಸಂಸ್ಕಾರವು ನಡೆಯಿತು.

೬. ಯಂತ್ರದ ವಿಷ

ಮನುಷ್ಯನ ತೋಳಿನ ಬದಲು ಯಂತ್ರವು ಬಂದಾಗ ಈ ಅಪಾಯಗಳು ನಿವಾರಣೆಯಾಗಲಿಲ್ಲ. ಬೇರೆ ರೂಪ ತಾಳಿದವು. ಜಾನ್ ಹಾಲೆಂಡನು ರಚಿಸಿದ ನೌಕೆಯನ್ನು ೧೯೦೦ರಲ್ಲಿ ಅಮೆರಿಕದ ನೌಕಾಬಲವು ಕೊಂಡಿತು. ಮರುವರ್ಷ ಬ್ರಿಟನ್ನಿನಲ್ಲಿಯೂ ಆ ಮಾದರಿಯದು ನೀರಿಗಿಳಿಯಿತು. ಮೇಲೆ ಚಲಿಸುವಾಗ ಪೆಟ್ರೋಲ್ ಯಂತ್ರ, ಮುಳುಗಿದಾಗ ಬ್ಯಾಟರಿಗಳ ವಿದ್ಯುತ್ತು ಎಂಬುದು ಅದರ ಕ್ರಮ. ಪೆಟ್ರೋಲ್ ಯಂತ್ರಕ್ಕೆ ಗಾಳಿ ಬೇಕಾದುದರಿಂದ ಮುಳುಗಿದಾಗ ಅದನ್ನು ನಡೆಯಿಸಲಾಗದು.

ಇದರಿಂದ ಮೂರು ಬಗೆಯ ವಾಯುಗಳು ಹುಟ್ಟಿದವು. ಪೆಟ್ರೋಲಿನ ಆವಿಯು ತಲೆಗೇರಿ ಮತ್ತನ್ನು ತರುವುದು; ಒಂದು ಕಿಡಿ ತಗುಲಿದರೆ ಸಿಡಿಯುವುದು. ೧೯೦೫ರ ಫೆಬ್ರವರಿಯಲ್ಲಿ ಐರ್ಲೆಂಡಿನ ಕ್ವೀನ್ಸ್‌ಟೌನ್ ಬಂದರಿನಲ್ಲಿ 'ಎ-೫' ಎಂಬ ಬ್ರಿಟಿಷ್ ನೌಕೆಯು ಹೀಗೆಯೇ ಸಿಡಿಯಿತು. ಎರಡನೆಯದು, ಬ್ಯಾಟರಿಗೆ ವಿದ್ಯುತ್ತನ್ನು ತುಂಬುವಾಗ ಹೊರಡುವ ಜಲಜನಕ, ಅದೂ ಸ್ಫೋಟಕವೇ. ಮೂರನೆಯದು ಎಲ್ಲಕ್ಕಿಂತ ಭಯಂಕರವಾದುದು. ಬ್ಯಾಟರಿಯಲ್ಲಿ ಗಂಧಕಾಮ್ಲವಿರುತ್ತದೆ; ಸಮುದ್ರದ ನೀರಿನಲ್ಲಿ ಉಪ್ಪಿರುತ್ತದೆ. ನೌಕೆಗೆ ನೀರು ನುಗ್ಗಿ ಬ್ಯಾಟರಿಯನ್ನು ಮುಟ್ಟಿದರೆ ಹಳದಿ ಹಸುರಿನ ಕ್ಲೋರಿನ್ ವಾಯುವು ಏಳುತ್ತದೆ. ಉಸಿರಾಡಿದವರ ಶ್ವಾಸಕೋಶಗಳನ್ನು ಸುಡುತ್ತದೆ. ಭೂಮಿಯ ಮೇಲಿನ ಯುದ್ಧದಲ್ಲಿ ೧೯೧೫ರಲ್ಲಿ ಸೈನಿಕರ ಮೇಲೆ ಬಿಟ್ಟ ವಿಷವಾಯು ಇದೇ. ಇಲ್ಲಿ ಅದನ್ನು ಬಿಡಲು ವೈರಿಯ ಅಗತ್ಯವೇ ಇರಲಿಲ್ಲ. ವಾಸನೆಯಿಲ್ಲದ ವಿಷವನ್ನು ತಿಳಿಯುವುದಕ್ಕಾಗಿ ಬ್ರಿಟಿಷ್ ನೌಕೆಗಳಲ್ಲಿ ಬಿಳಿಯ ಇಲಿಗಳನ್ನು ಪಂಜರದಲ್ಲಿಟ್ಟು ಸಾಕುತ್ತಿದ್ದರು. ಇಲಿ ಬಳಲಿ ಬಿದ್ದರೆ ಮನುಷ್ಯನ ಸರದಿ ಸಮೀಪಿಸಿತೆಂದು ಅರ್ಥ.

ಕಣ್ಣಿನ ಕೊರತೆಯೂ ಒಂದು ಅಪಾಯವೇ. ನೀರೊಳಗಿನಿಂದ ಹೊರಗೆ ನೋಡುವ ಪೆರಿಸ್ಕೋಪು ಒಂದು ದಿಕ್ಕನ್ನು ಮಾತ್ರ ತೋರಿಸುತ್ತದೆ. ೧೯೦೪ನೆಯ ಮಾರ್ಚ್ ೧೮ರಂದು 'ಎ-೧' ಎಂಬ ನೌಕೆಯು ಯುದ್ಧಾಭ್ಯಾಸದಲ್ಲಿ ಒಂದು ಹಡಗನ್ನು ಗುರಿಯಿಟ್ಟು ನೋಡುತ್ತಿರುವಾಗ, ನೋಡದ ಕಡೆಯಿಂದ ಬಂದ ಪ್ರಯಾಣಿಕರ ಹಡಗು ಅದರ ಮೇಲೆ ಹಾಯ್ದಿತು. ಒಳಗಿದ್ದ ೧೧ ಮಂದಿಯೂ ಸತ್ತರು. ತಾವು ಯಾವುದಕ್ಕೆ ಡಿಕ್ಕಿ ಹೊಡೆದೆವೆಂಬುದು ಹಡಗಿನವರಿಗೆ ತಿಳಿಯಲೇ ಇಲ್ಲ.

೭. ಸಾಕುಮಾನ ಓಲೆ

ಉಸಿರು ತೀರುವುದನ್ನು ಒಳಗಿದ್ದವನೇ ಬರೆದಿಟ್ಟ ಲೇಖವು ಜಪಾನಿನಲ್ಲಿ ದೊರೆತಿದೆ. ಅಲ್ಲಿಯ ಆರನೆಯ ಸಂಖ್ಯೆಯ ನೌಕೆಯು ೧೯೧೦ನೆಯ ಏಪ್ರಿಲ್ ೧೫ರಂದು ಹಿರೋಷಿಮಾ ಕೊಲ್ಲಿಯ ಬಳಿ ಅಭ್ಯಾಸಕ್ಕೆ ಇಳಿಯಿತು. ಗಾಳಿಯ ಕೊಳವೆಯನ್ನು ಮೇಲೆ ಚಾಚಿಕೊಂಡು ಪೆಟ್ರೋಲ್ ಯಂತ್ರದಿಂದಲೇ ನಡೆಯುತ್ತಿರುವಾಗ ನೌಕೆ ಮಿತಿಮೀರಿ ಇಳಿದು ಕೊಳವೆಯಿಂದ ನೀರು ನುಗ್ಗಿತು. ಕವಾಟವನ್ನು ಮುಚ್ಚುವ ಸರಪಳಿ ಕಳಚಿತು. ಕೈಯಿಂದ ಮುಚ್ಚುವಷ್ಟರಲ್ಲಿ ಹಿಂಭಾಗವು ತುಂಬಿತ್ತು. ದೀಪಗಳು ಆರಿದವು, ದುರ್ವಾಯು ಹರಡಿತು. ನಾಯಕನಾದ ಸಾಕುಮಾ ತ್ಸುತೊಮು ಎಂಬ ಲೆಫ್ಟಿನೆಂಟನು ತನ್ನ ಸಣ್ಣ ಪುಸ್ತಕದಲ್ಲಿ ಸೀಸದ ಕಡ್ಡಿಯಿಂದ ಬರೆಯತೊಡಗಿದನು.

ನೌಕೆಯನ್ನೂ ಜನರನ್ನೂ ಕಳೆದುದಕ್ಕಾಗಿ ಅವನು ಚಕ್ರವರ್ತಿಯ ಕ್ಷಮೆಯನ್ನು ಬೇಡಿದನು. ಜೊತೆಯವರೆಲ್ಲರೂ ಕಡೆಯವರೆಗೆ ಶಾಂತವಾಗಿ ತಮ್ಮ ಕರ್ತವ್ಯವನ್ನು ನೆರವೇರಿಸಿದರೆಂದು ಸಾಕ್ಷಿ ಹೇಳಿದನು. ಈ ಅಪಘಾತದ ನೆಪದಿಂದ ಜಲಾಂತರ್ಗಾಮಿಗಳ ಅಭ್ಯಾಸವನ್ನು ನಿಲ್ಲಿಸಬಾರದೆಂದು ಕೋರಿ, ಅಪಘಾತದ ಕಾರಣಗಳನ್ನು ಹಿಂದಿನವರ ಉಪಯೋಗಕ್ಕೆಂದು ವಿವರಿಸಿದನು. ಸತ್ತವರ ಮನೆಯವರು ನಿರ್ಗತಿಕರಾಗದಂತೆ ನೋಡಿಕೊಳ್ಳಬೇಕೆಂಬ ಬಿನ್ನಹವನ್ನೂ ಸೇರಿಸಿದನು. ಕಡೆಗೆ ಉಸಿರಾಟದ ಕಷ್ಟವನ್ನು ಹೇಳಿ, ಹನ್ನೆರಡು ಗಂಟೆ ನಲವತ್ತು ನಿಮಿಷವೆಂದು ವೇಳೆಯನ್ನು ಗುರುತಿಸಿದನು, ಮುಂದೆ ಅಕ್ಷರಗಳಿಲ್ಲ. ನೌಕೆಯನ್ನು ಎತ್ತಿದಾಗ ಹದಿನಾಲ್ವರೂ ತಮ್ಮ ಕೆಲಸದ ಎಡೆಗಳಲ್ಲಿಯೇ ಇದ್ದರು. ಆ ಬರೆಹದ ಬಹುಭಾಗವು ವಿಲಾಪವಲ್ಲ. ಯಂತ್ರದ ದೋಷವನ್ನು ತಿಳಿಸುವ ವರದಿ. ಅದರ ಗಾಂಭೀರ್ಯವೂ ಇದರಲ್ಲಿಯೇ ಇದೆ.

೮. ಮಹಾಯುದ್ಧದ ನಾವಿಕರು

೧೯೧೪ನೆಯ ಸೆಪ್ಟೆಂಬರ್ ೨೨ರಂದು ಜರ್ಮನಿಯ 'ಯು-೯' ಎಂಬ ನೌಕೆಯು ಓಟ್ಟೋ ವೆಡ್ಡಿಗೆನ್ ಎಂಬಾತನ ನೇತೃತ್ವದಲ್ಲಿ ಒಂದೂವರೆ ಗಂಟೆಯೊಳಗೆ ಅಬೂಕೀರ್, ಹೋಗ್, ಕ್ರೆಸ್ಸಿ ಎಂಬ ಮೂರು ಬ್ರಿಟಿಷ್ ಹಡಗುಗಳನ್ನು ಮುಳುಗಿಸಿತು; ೧,೪೫೯ ಮಂದಿ ಸತ್ತರು. ಅಂದಿನಿಂದ ಜಲಾಂತರ್ಗಾಮಿಯು ಆಟದ ವಸ್ತುವಲ್ಲವೆಂಬುದು ಲೋಕಕ್ಕೆ ತಿಳಿಯಿತು.

ಆ ನೌಕೆಯ ಒಳಬಾಳನ್ನು ಅದರ ಅಧಿಕಾರಿಯಾಗಿದ್ದ ಯೋಹಾನೆಸ್ ಷ್ಪೀಸನು ವರ್ಣಿಸಿದ್ದಾನೆ. ಹೊರಗಿನ ನೀರು ತಣ್ಣಗಿದ್ದು ಒಳಗೆ ಬೆಚ್ಚಗಿದ್ದುದರಿಂದ ಜನರ ಉಸಿರಿನ ತೇವವು ಉಕ್ಕಿನ ಗೋಡೆಯ ಮೇಲೆ ಹನಿಗಟ್ಟಿ, ನೌಕೆ ಅಲುಗಿದಾಗಲೆಲ್ಲ ಮಲಗಿದವರ ಮುಖದ ಮೇಲೆ ಉದುರುತ್ತಿದ್ದಿತು. ಮಳೆಯಂಗಿಯನ್ನೋ ರಬ್ಬರಿನ ಹಾಳೆಯನ್ನೋ ಮುಖಕ್ಕೆ ಹೊದೆದು ಮಲಗುತ್ತಿದ್ದರು. ಮಂಚಗಳು ಮೈಮುದುಡಿಕೊಂಡು ಮಲಗಬೇಕಾದಷ್ಟು ಚಿಕ್ಕವು. ಎದ್ದಾಗ ತಲೆ ಭಾರ. ಸೀಮೆಎಣ್ಣೆಯ ಯಂತ್ರದ ನಾತ, ಒದ್ದೆ ಬಟ್ಟೆಯ ನಾತ, ಅಡುಗೆಯ ನಾತ ಎಲ್ಲವೂ ಒಂದೇ ಗಾಳಿಯಲ್ಲಿ ಬೆರೆತಿದ್ದವು. ಟಾರ್ಪೆಡೋವನ್ನು ಬಿಟ್ಟಾಗ ಮೂತಿ ಹಗುರವಾಗಿ ಏಳುವುದು. ಆಗ ಕೆಲಸವಿಲ್ಲದ ನಾವಿಕರು ಅಪ್ಪಣೆಯಾದಂತೆ ಮುಂದಕ್ಕೂ ಹಿಂದಕ್ಕೂ ಓಡಿ ತಮ್ಮ ಮೈತೂಕದಿಂದಲೇ ತಕ್ಕಡಿಯನ್ನು ಸರಿದೂಗಿಸಬೇಕಾಗಿದ್ದಿತು. ಮನುಷ್ಯನೇ ಇಲ್ಲಿ ತೂಕದ ಬಟ್ಟು.

ವೆಡ್ಡಿಗೆನ್ನನ ಕೀರ್ತಿ ಆರು ತಿಂಗಳು ಬಾಳಿತು. ೧೯೧೫ನೆಯ ಮಾರ್ಚ್ ೧೮ರಂದು ಅವನು ನಡೆಯಿಸುತ್ತಿದ್ದ 'ಯು-೨೯'ನ್ನು 'ಡ್ರೆಡ್‌ನಾಟ್' ಎಂಬ ಯುದ್ಧನೌಕೆಯು ಹಾಯ್ದು ತುಳಿಯಿತು, ಒಬ್ಬನೂ ಉಳಿಯಲಿಲ್ಲ. ಆ ಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳ ಸುಮಾರು ೫,೦೦೦ ನಾವಿಕರು ಪ್ರಾಣ ಕಳೆದುಕೊಂಡರು.

ಹೊರಬರುವ ದಾರಿಯ ಪ್ರಶ್ನೆಯನ್ನು ಬ್ರಿಟನ್ನಿನ 'ಕೆ-೧೩'ರ ಕಥೆ ವಿಶದಪಡಿಸುತ್ತದೆ. ಸ್ಕಾಟ್ಲೆಂಡಿನ ಗೇರ್‌ಲಾಕ್ ಎಂಬಲ್ಲಿ ೧೯೧೭ನೆಯ ಜನವರಿ ೨೯ರಂದು ೮೦ ಮಂದಿಯನ್ನು ಹೊತ್ತು ಪರೀಕ್ಷೆಗಾಗಿ ಅದು ಮುಳುಗಿತು. ಹಬೆಯಂತ್ರದ ಕೋಣೆಯ ಗಾಳಿಕಿಂಡಿಗಳು ಮುಚ್ಚದೆ ಉಳಿದಿದ್ದವು. ಹಿಂಭಾಗವು ನೀರು ತುಂಬಿ ತಳಕ್ಕೆ ಕುಸಿಯಿತು. ಇಂತಹ ಸಮಯದಲ್ಲಿ ಮುಚ್ಚಳವನ್ನು ತೆರೆದು ಈಜಬಾರದೇ ಎಂದರೆ, ನೀರಿನ ಭಾರ ಬಿಡದು. ೨೭ ಅಡಿ ಆಳದಲ್ಲಿಯೇ ಒಂದು ಚದರ ಅಡಿಯ ಮುಚ್ಚಳದ ಮೇಲೆ ಸುಮಾರು ೧,೭೦೦ ಪೌಂಡು ನೀರು ನಿಂತಿರುತ್ತದೆ. ಒಳಗಿನ ಒತ್ತಡವು ಹೊರಗಿನದಕ್ಕೆ ಸಮನಾದರೆ ಮಾತ್ರ ಅದು ತೆರೆಯುವುದು. ಸಮನಾಗಬೇಕಾದರೆ ನೀರನ್ನು ತಾವೇ ಒಳಕ್ಕ ಬಿಟ್ಟುಕೊಳ್ಳಬೇಕು. ಈ ಕ್ರಮದಿಂದ ಸುದ್ದಿಯೊಯ್ಯಲು ಹೊರಟ ಇಬ್ಬರು ಅಧಿಕಾರಿಗಳಲ್ಲಿ ಗುಡ್‌ಹಾರ್ಟ್ ಎಂಬಾತನು ಸತ್ತನು. ಹರ್ಬರ್ಟ್ ಎಂಬ ನಾಯಕನು ಮೇಲಕ್ಕೆ ಬಂದನು. ಮುಳುಗುಗಾರರು ಗಾಳಿಯ ಕೊಳವೆಯನ್ನು ಜೋಡಿಸಿ, ಮೂತಿಯನ್ನು ನೀರಿನ ಮೇಲಕ್ಕೆ ಎತ್ತಿ, ಉಕ್ಕನ್ನು ಕೊರೆದು, ೫೭ ಗಂಟೆಗಳ ತರುವಾಯ ಉಳಿದವರನ್ನು ಹೊರತೆಗೆದರು. ಬದುಕಿದವರು ೪೮, ಸತ್ತವರು ೩೨. ಅದೇ ನೌಕೆಯನ್ನು ಸರಿಪಡಿಸಿ 'ಕೆ-೨೨' ಎಂದು ಹೆಸರು ಬದಲಿಸಿದರು. ೧೯೧೮ನೆಯ ಜನವರಿ ೩೧ರ ರಾತ್ರಿ ಮೇ ದ್ವೀಪದ ಬಳಿ ಬ್ರಿಟಿಷ್ ನೌಕೆಗಳೇ ಕತ್ತಲಲ್ಲಿ ಒಂದನ್ನೊಂದು ಹಾಯ್ದು ಎರಡು ಜಲಾಂತರ್ಗಾಮಿಗಳೂ ನೂರಕ್ಕೂ ಮಿಕ್ಕ ಜನರೂ ನಾಶವಾದಾಗ, ಡಿಕ್ಕಿಗೆ ಸಿಕ್ಕಿದ ನೌಕೆಗಳಲ್ಲಿ ಇದೂ ಒಂದು. ಆ ರಾತ್ರಿಯೂ ಅಲ್ಲಿ ಶತ್ರುವಿರಲಿಲ್ಲ.

೯. ಉಪಸಂಹಾರ

ಮರೆಯಲ್ಲಿ ನಿಂತು ಹೊಡೆಯುವ ಈ ಯುದ್ಧವು ಧರ್ಮವೇ ಎಂಬ ಪ್ರಶ್ನೆಯು ನಮ್ಮವರಿಗೆ ಸಹಜವಾಗಿ ಏಳುತ್ತದೆ. ಕೂಟಾಯುಧಗಳಿಂದ ಶತ್ರುವನ್ನು ಕೊಲ್ಲಬಾರದೆಂದು ಮನುಸ್ಮೃತಿಯ ಏಳನೆಯ ಅಧ್ಯಾಯವು ವಿಧಿಸುತ್ತದೆ; ಕೌಟಿಲ್ಯನು ಅರ್ಥಶಾಸ್ತ್ರದ ಹತ್ತನೆಯ ಅಧಿಕರಣದಲ್ಲಿ ಕೂಟಯುದ್ಧದ ಬಗೆಗಳನ್ನು ವಿವರಿಸುತ್ತಾನೆ. ನಿರಾಯುಧವಾದ ವ್ಯಾಪಾರದ ಹಡಗುಗಳಲ್ಲಿ ಎಚ್ಚರಿಕೆಯಿಲ್ಲದೆ ಮುಳುಗಿ ಸತ್ತ ಸಾವಿರಾರು ಜನರನ್ನು ನೆನೆದರೆ ಮನುವಿನ ಪಕ್ಷವೇ ಬಲವಾಗಿ ಕಾಣುವುದು. ಆದರೆ ಆಜ್ಞೆಯನ್ನು ಕೊಟ್ಟವರ ದೋಷವನ್ನು ಒಳಗೆ ಕುಳಿತು ದಂಡ ತಿರುಗಿಸಿದವರ ತಲೆಗೆ ಕಟ್ಟಿ, ಅವರ ಬಾಳನ್ನು ನೋಡದೆ ಹೋಗುವುದು ನ್ಯಾಯವಲ್ಲ.

ಈ ಸಾವುಗಳು ವ್ಯರ್ಥವಾಗದಂತೆ ಮಾಡಿದವರು ಕಾರಣವನ್ನು ಹುಡುಕಿದವರು. ಇಂಗಾಲಾಮ್ಲವನ್ನು ಹೀರುವ ಕ್ಷಾರಗಳೂ ಆಮ್ಲಜನಕದ ಸೀಸೆಗಳೂ ನೌಕೆಗಳೊಳಗೆ ಬಂದವು. ಪೆಟ್ರೋಲನ್ನು ಬಿಟ್ಟು ಡೀಸೆಲನ್ನು ಹಿಡಿದರು. ಮುಳುಗಿದ ನೌಕೆಯಿಂದ ಈಜಿ ಬರುವವನಿಗೆ ಉಸಿರಿನ ಚೀಲ ದೊರೆಯಿತು. ೧೯೩೯ರ ಮೇ ತಿಂಗಳಲ್ಲಿ 'ಸ್ಕ್ವಾಲಸ್' ಎಂಬ ಅಮೆರಿಕದ ನೌಕೆ ಮುಳುಗಿದಾಗ, ಗಂಟೆಯಾಕಾರದ ರಕ್ಷಣಪಾತ್ರೆಯನ್ನು ಇಳಿಸಿ ೩೩ ಮಂದಿಯನ್ನು ಜೀವಂತವಾಗಿ ಮೇಲಕ್ಕೆ ತಂದರು. ಅಪಾಯವು ಇದರಿಂದ ನಿರ್ಮೂಲವಾಯಿತೆಂದು ಭಾವಿಸಲಾಗದು. ೨೦೧೩ನೆಯ ಆಗಸ್ಟ್ ೧೪ರಂದು ನಮ್ಮ ಮುಂಬಯಿಯ ಬಂದರಿನಲ್ಲಿಯೇ, ಯಾವ ಯುದ್ಧವೂ ಇಲ್ಲದ ಹೊತ್ತಿನಲ್ಲಿ, 'ಸಿಂಧುರಕ್ಷಕ'ವು ಸಿಡಿದು ೧೮ ಮಂದಿ ಭಾರತೀಯ ನಾವಿಕರು ಮಡಿದರು.

ಜಲಾಂತರ್ಗಾಮಿಯ ಇತಿಹಾಸವನ್ನು ಬರೆಯುವವರು ಅದು ಮುಳುಗಿಸಿದ ಹಡಗುಗಳ ಪಟ್ಟಿಯ ಪಕ್ಕದಲ್ಲಿ ಅದು ತನ್ನವರನ್ನೇ ಕೊಂದ ಲೆಕ್ಕವನ್ನೂ ಇಡಬೇಕು. ಹನ್ಲಿಯ ಪಾಲಿಗೆ ಆ ಲೆಕ್ಕ ಇಪ್ಪತ್ತೊಂದಕ್ಕೆ ಐದು. ತೆರೆದುಳಿದ ಒಂದು ಕವಾಟ, ಕಳಚಿದ ಒಂದು ಸರಪಳಿ, ಮುಚ್ಚದ ಒಂದು ಕಿಂಡಿ ಎಂಬಷ್ಟೇ ಕಾರಣಗಳಿಂದ ಹೋದ ಪ್ರಾಣಗಳನ್ನು ಬಿಟ್ಟು ಬರೆದ ಯುದ್ಧಚರಿತ್ರೆಯು ಅರ್ಧಚರಿತ್ರೆಯೇ ಆಗುವುದು.